ತಿರುವು ಹಾಕಿದವರು

ಅವರ ಬಲಗಾಲಿನ ಪ್ಯಾಂಟಿಗೆ ಯಾವಾಗಲೂ ಬಟ್ಟೆ ಒಣಹಾಕುವ ಹಸಿರು ಕ್ಲಿಪ್ಪು ಕಚ್ಚಿಕೊಂಡಿರುತ್ತಿತ್ತು. ಪ್ಯಾಂಟು ಸೈಕಲ್ಲಿನ ಚೈನಿಗೆ ಸಿಗಬಾರದೆಂದು ಹಾಕಿಕೊಂಡದ್ದು. ಇಳಿದ ಮೇಲೆ ತೆಗೆಯಲು ಮರೆಯುತ್ತಿದ್ದರು. ಬ್ಯಾಂಕಿಗೆ ಹೋದಾಗಲೂ ಅದು ಕಾಲಲ್ಲೇ, ಸಪ್ತಾಪುರದ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ನಿಂತಾಗಲೂ ಅದು ಕಾಲಲ್ಲೇ. ಯಾರೋ ತೋರಿಸಿ ನಕ್ಕರೆ, "ಇರಲಿ ಬಿಡ್ರಿ, ಮತ್ತ ಹಾಕೋ ತ್ರಾಸು ತಪ್ಪತೈತಿ" ಅಂದರು. ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ರಸ್ತೆ ಮಾಡಿಸುವ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಓಣಿಗೆಲ್ಲ ಇಂಜಿನಿಯರ್ ಕಾಕಾ.

ನನ್ನ ಗಂಡ ತೀರಿಕೊಂಡ ಇಪ್ಪತ್ತನೆಯ ದಿನಕ್ಕೆ ಅವರು ನಮ್ಮ ಮನೆಗೆ ಬಂದರು. ಗಂಡ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದಾಗ, ಕಲಘಟಗಿ ಕಡೆಯ ಒಂದು ತಿರುವಿನಲ್ಲಿ ಎದುರಿನಿಂದ ಲಾರಿ ಬಂದಿತ್ತು. ಅದನ್ನು ಇದಕ್ಕಿಂತ ಬೆಳೆಸಿ ಹೇಳಲಾರೆ. ಕಾಕಾ ಪಡಸಾಲೆಗೆ ಬಂದವರು ಕೂಡಲಿಲ್ಲ, ನಿಂತೇ ಮಾತಾಡಿದರು. ಅತ್ತೆಯೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು.

"ಟೀಚರ್, ಬ್ಯಾರೆ ಯಾರರ ಹೇಳೂದಕ್ಕಿಂತ ಮೊದಲ ನಾನ ಹೇಳಬೇಕು ಅಂತ ಬಂದೆ. ಆ ತಿರುವು ಹಾಕಿದಾಂವ ನಾನು. ರಸ್ತಿ ಸೀದಾ ಒಯ್ಯಬಹುದಿತ್ತು. ಒಯ್ಯಲಿಲ್ಲ."

"ಹೌದೇನ್ರಿ" ಅಂದೆ. ಯಾಕೆ ಒಯ್ಯಲಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಗ ನನಗೆ ಯಾವುದಕ್ಕೂ ಯಾಕೆ ಅನ್ನಿಸುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಊಟ ಹಾಕಿದರೆ ಉಣ್ಣುತ್ತಿದ್ದೆ, ದೀಪ ಆರಿಸಿದರೆ ಮಲಗುತ್ತಿದ್ದೆ. ಕಾಕಾ ಕೈಮುಗಿದು ಹೋದರು.

ನಾನು ಕನ್ನಡ ಶಾಲೆಯ ಶಿಕ್ಷಕಿ. ಶಾಲೆ ಇದ್ದದ್ದು ಆ ತಿರುವಿನಿಂದ ಮುಂದಿನ ಹಳ್ಳಿಯಲ್ಲಿ. ರಜೆ ಮುಗಿದ ಮೇಲೆ ಎರಡು ಸಲ ಬಸ್ಸು ಹತ್ತಿದೆ, ಎರಡು ಸಲವೂ ಊರು ದಾಟುವ ಮೊದಲೇ ಇಳಿದು ನಡೆದುಕೊಂಡು ಮನೆಗೆ ಬಂದೆ. ಆಟೋದಲ್ಲಿ ಕೂತರೂ ಕಾಲು ತಣ್ಣಗಾಗಿಬಿಡುತ್ತಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಒಂದು ದಿನ ಕೂತು ರಾಜೀನಾಮೆ ಬರೆದೆ. ಬರೆಯುವಾಗ ಬೇಜಾರೂ ಆಗಲಿಲ್ಲ. ಅಕ್ಷರ ದುಂಡಗೆ ಬಂದಿತ್ತು.

ಅತ್ತೆ ಅದನ್ನು ಓಣಿಯಲ್ಲಿ ಯಾರ ಮುಂದೆಯೋ ಹೇಳಿರಬೇಕು. ಮರುದಿನ ಬೆಳಿಗ್ಗೆ ಕಾಕಾ ಎರಡು ಸೈಕಲ್ ತಂದು ಗೇಟಿಗೆ ಒರಗಿಸಿದರು. ಒಂದು ಅವರದು, ಇನ್ನೊಂದು ಅವರ ಮಗಳು ಮದುವೆಯಾಗಿ ಪುಣೆಗೆ ಹೋಗುವಾಗ ಬಿಟ್ಟುಹೋದ ಗೇರಿನ ಸೈಕಲ್.

"ನಿಮ್ಮ ಸಾಲಿಗಿ ಬಸ್ಸಿನ ದಾರಿ ಹನ್ನೊಂದು ಕಿಲೋಮೀಟರ್. ನನ್ನ ದಾರಿ ಹದಿನಾರು. ಆ ತಿರುವು ಬರೂದಿಲ್ಲ, ಗಾಡಿನೂ ಬರೂದಿಲ್ಲ. ಬರ್ರಿ, ತೋರಸ್ತೇನಿ."

ಅತ್ತೆ ಒಳಗಿನಿಂದಲೇ ಕೂಗಿದರು. "ಅಂವಾ ಹಾಕಿದ ರಸ್ತ್ಯಾಗ ನನ್ನ ಮಗಾ ಹ್ವಾದ. ಈಗ ಸೊಸೀನೂ ಕರಕೊಂಡು ಹೊಂಟಾನೇನು?"

ಕಾಕಾಗೆ ಕೇಳಿಸಿತು. ತಲೆ ತಗ್ಗಿಸಿ ಹ್ಯಾಂಡಲ್ ಒರೆಸುತ್ತ ನಿಂತರು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಧೈರ್ಯ ಬಂತೆಂದಲ್ಲ, ಬೇಡ ಅನ್ನಲೂ ತ್ರಾಣ ಇರಲಿಲ್ಲ.

ಊರು ಬಿಟ್ಟು ಮಾವಿನ ತೋಟಗಳು ಮುಗಿದ ಮೇಲೆ ರಸ್ತೆ ಶಾಲ್ಮಲೆಯ ಕೊಳ್ಳಕ್ಕೆ ಇಳಿಯುತ್ತದೆ. ಹಳ್ಳ ದಾಟಿದ ಕೂಡಲೇ ಏರು, ಮತ್ತೆ ಇಳಿಜಾರು, ಮತ್ತೆ ಏರು. ಎರಡೂ ಬದಿಗೆ ಗೋವಿನಜೋಳ, ತಗ್ಗಿನಲ್ಲಿ ಭತ್ತ. ಹದಿನಾರು ಕಿಲೋಮೀಟರಿನಲ್ಲಿ ಎದುರಿಗೆ ಸಿಕ್ಕದ್ದು ಒಂದು ಕುರಿ ಹಿಂಡು, ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್. ಚೆಂದ ಇತ್ತು. ಚೆಂದ ಇದೆ ಎಂದು ತಿಳಿಯುತ್ತಿತ್ತು, ಅನ್ನಿಸುತ್ತಿರಲಿಲ್ಲ.

ಆ ರಸ್ತೆಗಳನ್ನೆಲ್ಲ ಅವರೇ ಅಳೆದು ಮಾಡಿಸಿದ್ದು. ಏರು ಹತ್ತುವಾಗ ತೊಡೆ ನೋಯುವುದರ ಮೇಲೆಯೇ ಅದು ಮೂವತ್ತು ಅಡಿಗೆ ಒಂದಡಿ ಏರೋ ಇಪ್ಪತ್ತಕ್ಕೆ ಒಂದೋ ಎಂದು ಹೇಳುತ್ತಿದ್ದರು. ಕಡಿದಾದದ್ದು ಬಂದರೆ, "ಇಲ್ಲಿ ನಂದ ತಪ್ಪು, ಇನ್ನೊಂಚೂರು ಸುತ್ತಿಸಬೇಕಿತ್ತು" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ರಸ್ತೆಯ ಅಡಿ ನೀರು ಹಾಯುವ ಮೋರಿ ಸಿಕ್ಕಲ್ಲೆಲ್ಲ ಇಳಿದು, ಬಗ್ಗಿ ಕೆಳಗೆ ಇಣುಕಿ, ಸಿಕ್ಕಿಕೊಂಡ ಕಸಕಡ್ಡಿಯನ್ನು ಕೋಲಿನಿಂದ ಎಳೆದು ಹಾಕುವುದು ಅವರ ರೂಢಿ. ನಿವೃತ್ತರಾದವರಿಗೆ ಇದೆಲ್ಲ ಯಾಕೆ ಎಂದು ದಾರಿಹೋಕರು ಚೇಷ್ಟೆ ಮಾಡುತ್ತಿದ್ದರು. "ರಸ್ತಿ ಕೆಡಸೂದು ಗಾಡಿ ಅಲ್ಲಪಾ, ನೀರು" ಎಂದು ಅವರಿಗೂ ಪಾಠ ಹೇಳುತ್ತಿದ್ದರು. ನಾನು ಏರು ನೋಡಿ ಇಳಿದುಬಿಟ್ಟರೆ ಅವರೂ ಇಳಿದು ಪಕ್ಕದಲ್ಲಿ ಸೈಕಲ್ ತಳ್ಳುತ್ತಿದ್ದರು. "ದೂರದ ಗುಡ್ಡ ನುಣ್ಣಗ ಅಂತಾರಲ್ಲ, ಸೈಕಲ್ ಹೊಡೆಯವ್ರಿಗೆ ಅದು ಉಲ್ಟಾ. ದೂರಿಂದ ನೋಡಿದ್ರ ಗ್ವಾಡಿ ಕಂಡಂಗ ಕಾಣತೈತಿ. ಹತ್ರ ಹೋದಂಗ ಸಣ್ಣದಾಕ್ಕೈತಿ" ಅನ್ನುತ್ತಿದ್ದರು.

ಶಾಲೆಗೆ ಇನ್ನಷ್ಟು ರಜೆ ಹಾಕಿ ದಿನಾ ಅವರ ಜೊತೆ ಆ ದಾರಿಯ ರೂಢಿ ಮಾಡಿಕೊಂಡೆ. ಮೂರನೆಯ ವಾರ ಒಂದು ಇಳಿಜಾರಿನಲ್ಲಿ ಎದುರಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬಂತು. ನಾನು ಬ್ರೇಕ್ ಹಿಡಿದು ನಿಂತೆ. ಪಕ್ಕಕ್ಕೆ ಸರಿಯಬೇಕು, ಕಾಲು ಏಳಲಿಲ್ಲ. ಕಾಕಾ ಮುಂದೆ ಹೋಗಿ ತಮ್ಮ ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ ಎರಡೂ ಕೈ ಎತ್ತಿದರು. ಟ್ರ್ಯಾಕ್ಟರ್ ಕಿರುಗುಟ್ಟುತ್ತ ನಿಂತಿತು.

"ಏನ್ ಯಜಮಾನ್ರ, ಸಾಯಾಕ ಬಂದೀರೇನು?" ಎಂದು ಡ್ರೈವರ್ ಒದರಿದ.

"ಐದು ಮಿನಿಟ್ ಇಂಜಿನ್ ಬಂದ್ ಮಾಡಪಾ. ನಮ್ಮ ಹುಡುಗಿಗಿ ಕಾಲು ಬರಬೇಕು."

ಅವನಿಗೆ ಏನು ತಿಳಿಯಿತೋ, ಬಂದ್ ಮಾಡಿದ. ಎಲ್ಲ ಸುಮ್ಮನಾಯಿತು. ಕಾಕಾ ನನ್ನನ್ನು ಟ್ರಾಲಿಯ ಹತ್ತಿರ ಕರೆದರು. "ಮುಟ್ಟಿ ನೋಡ್ರಿ, ಟೀಚರ್. ನಿಂತೈತಿ. ಬರೇ ಕಬ್ಬಣ." ನಾನು ಮುಟ್ಟಿದೆ. ಬಿಸಿಲಿಗೆ ಕಾದಿತ್ತು. ಮುಟ್ಟುತ್ತಲೇ ಟ್ರಾಲಿಯ ಉದ್ದಕ್ಕೂ ನಡೆದು ಆಚೆ ಹೋದೆ. ಡ್ರೈವರ್ ಇಳಿದು ಬಂದು ಕೈಗೊಂದು ಕಬ್ಬು ಕೊಟ್ಟ. ಮುಂದಿನ ಸೋಮವಾರ ಶಾಲೆಗೆ ಹಾಜರಾದೆ. ರಾಜೀನಾಮೆಯ ಕಾಗದದ ಹಿಂದೆ ಅತ್ತೆ ಕಿರಾಣಿ ಪಟ್ಟಿ ಬರೆದಿದ್ದರು.

ಆಮೇಲೆ ನಾನೊಬ್ಬಳೇ ಹೋಗಿಬರುತ್ತಿದ್ದೆ. ಭಾನುವಾರ ಮಾತ್ರ ಅವರ ಜೊತೆ ಹೊಸ ಹೊಸ ದಾರಿ ಹಿಡಿಯುತ್ತಿದ್ದೆ. ಹೀಗೆ ಎರಡು ವರ್ಷ. ಅತ್ತೆ ಅವರ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಭಾನುವಾರ ನನ್ನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು. ಮೋರಿಯ ಕಟ್ಟೆಯ ಮೇಲೆ ಕೂತು ತಿನ್ನುವಾಗ ಕಾಕಾ ಒಮ್ಮೊಮ್ಮೆ ನನ್ನ ಮುಖ ನೋಡುತ್ತಿದ್ದರು. ನನ್ನಿಂದ ಒಂದು ಮಾತು ಬರಬೇಕಿತ್ತು ಎಂದು ಗೊತ್ತಿತ್ತು. ಬೈಗುಳವಾದರೂ ಸರಿ, ನಿಮ್ಮದೇನು ತಪ್ಪಿಲ್ಲ ಎಂದಾದರೂ ಸರಿ. ಎರಡರಲ್ಲಿ ಯಾವುದೂ ನನ್ನೊಳಗೆ ಇರಲಿಲ್ಲ. ಚಟ್ನಿ ಖಾರ ಆಗಿದೆ ಎಂದೋ ಬಿಸಿಲು ಏರಿತು ಎಂದೋ ಹೇಳಿ ಏಳುತ್ತಿದ್ದೆ.

ಹೋದ ಮಾಗಿಯಲ್ಲಿ ಅವರು ತೀರಿಕೊಂಡರು. ಬೆಳಗಿನ ಚಹಾ ಕುಡಿದು ಕಪ್ಪು ಕೆಳಗಿಟ್ಟು, ಹಾಗೇ ಕುರ್ಚಿಗೆ ಒರಗಿದ್ದರಂತೆ. ಮಣ್ಣು ಮಾಡುವಲ್ಲಿಗೆ ಹೋಗಿಬಂದೆ. ಪುಣೆಯಿಂದ ಬಂದ ಮಗಳು ನನ್ನನ್ನು ಅಪ್ಪಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರುತ್ತ ನಿಂತೆ. ಮನೆಗೆ ಬಂದು ಸ್ನಾನ ಮಾಡಿ, ಮಕ್ಕಳ ಪರೀಕ್ಷೆಯ ಪೇಪರು ತಿದ್ದಿದೆ.

ಅವರು ಇರುವತನಕ ನಾನು ಆ ತಿರುವಿಗೆ ಹೋಗಿರಲಿಲ್ಲ. ಹೆದರಿಕೆ ಅಷ್ಟೇ ಅಲ್ಲ. ನಾನು ಹೋಗಿ ನೋಡಿದೆನೆಂದು ತಿಳಿದರೆ, ಅವರ ತಪ್ಪು ಹುಡುಕಲು ಹೋದಂತೆ ಅವರಿಗೆ ಅನ್ನಿಸುತ್ತಿತ್ತು. ಇನ್ನು ಆ ದಾಕ್ಷಿಣ್ಯ ಇರಲಿಲ್ಲ. ಒಂದು ಭಾನುವಾರ ನಸುಕಿನಲ್ಲಿ, ಲಾರಿಗಳು ಶುರುವಾಗುವ ಮೊದಲು, ಸೈಕಲ್ ತೆಗೆದುಕೊಂಡು ಹೋದೆ.

ರಸ್ತೆ ಸೀದಾ ಬಂದು, ಒಂದು ಕಲ್ಲಿನ ಬಾವಿಯ ಹತ್ತಿರ ಒಮ್ಮೆಲೇ ಬಲಕ್ಕೆ ಹೊರಳಿತ್ತು. ಬಾವಿಗೆ ಮೆಟ್ಟಿಲಿದ್ದವು. ನಡುವಯಸ್ಸು ದಾಟಿದ ಒಬ್ಬ ಹೆಂಗಸು ಕೊಡ ತೊಳೆಯುತ್ತಿದ್ದಳು. ಸೈಕಲ್ ಹಿಡಿದು ನಿಂತವಳನ್ನು ನೋಡಿ, "ನೀರು ಕುಡೀತೀರೇನ್ರಿ ಅಕ್ಕಾರ?" ಅಂದಳು. ಕುಡಿದು ಕೇಳಿದೆ. ಎರಡು ವರ್ಷ ಅವರನ್ನು ಕೇಳದಿದ್ದದ್ದನ್ನು ಇವಳನ್ನು ಕೇಳಿದೆ.

"ರಸ್ತಿ ಇಲ್ಲೇ ಯಾಕ ಹಿಂಗ ತಿರುಗೇತ್ರಿ?"

"ಈ ಬಾವಿ ಸಲುವಾಗಿ ರೀ. ಇದರ ಮ್ಯಾಲೇ ಹಾದು ಹೋಗಬೇಕಂತ ಗೂಟಾ ಬಡದಿದ್ರು. ಆವಾಗ ನಮ್ಮೂರಿಗೆಲ್ಲಾ ಸೀನೀರು ಇದೊಂದ. ಹೆಣ್ಮಕ್ಕಳೆಲ್ಲಾ ಕೊಡಾ ಹಿಡಕೊಂಡು ಸಾಲಾಗಿ ಕುಂತಬಿಟ್ವಿ. ಇಂಜಿನಿಯರ್ ಸಾಹೇಬ್ರು ಒಂದ ಮಾತೂ ಅನಲಿಲ್ರಿ. ಕೆಳಗ ಇಳದ್ರು, ನೀರು ಕುಡದ್ರು, ಹ್ವಾದ್ರು. ಮರುದಿನ ಬಂದು ತಾವ ಗೂಟಾ ಕಿತ್ತಿ ಆಚೀಕಡೆ ಬಡಿಸಿದ್ರು. ಪುಣ್ಯಾತ್ಮ. ಎಲ್ಲದಾರೋ ಏನೋ."

ನನಗೆ ಸಿಟ್ಟು ಬಂತು. ಕಿವಿ ಬಿಸಿಯಾಗುವಂಥ ಸಿಟ್ಟು. ಎಷ್ಟು ಭಾನುವಾರ, ಎಷ್ಟು ಮೋರಿ ಕಟ್ಟೆ, ಎಷ್ಟು ರೊಟ್ಟಿ! ಅತ್ತೆ ಹಾಗೆ ಕೂಗಿದಾಗಲಾದರೂ ಹೇಳಬಹುದಿತ್ತಲ್ಲ. ತಮ್ಮ ಪರವಾಗಿ ಒಂದೇ ಒಂದು ಮಾತು.

"ಹೇಳಬಾರದಿತ್ತೇನ್ರಿ ಕಾಕಾ?" ಎಂದು ಆ ಖಾಲಿ ರಸ್ತೆಗೆ ಜೋರಾಗಿ ಒದರಿದೆ. "ಬಾಯಿ ಇರಲಿಲ್ಲೇನ್ರಿ ನಿಮಗ?"

ಹೆಂಗಸು ಗಾಬರಿಯಾಗಿ ಕೊಡ ಬಿಟ್ಟು ಓಡಿ ಬಂದು ನನ್ನ ತೋಳು ಹಿಡಿದಳು. ಗಂಡ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.