ಮ್ಯಾಲಿನ ಮಹಡಿಗೆ ಹೋದ ಡ್ರೆಸ್ಸಿಂಗ್ ಕೋಣೆ

ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಮಿರಜಿನ ಒಬ್ಬ ಖಾಸಗಿ ಡಾಕ್ಟರು ಹೇಳಿದಾಗ, ನನ್ನ ಮಾವಶಿ ಸೆರಗು ಸರಿಮಾಡಿಕೊಂಡು ಎದ್ದು, "ನಡಿ, ಹೋಗೂಣು" ಎಂದು ಹೊರಗೆ ನಡೆದುಬಿಟ್ಟಳು.

ಮಾವಶಿ ಅಂದರೆ ನಮ್ಮ ಅವ್ವನ ತಂಗಿ. ಖಂಡೇರಾಜುರಿಯಲ್ಲಿ ಮಗನ ದ್ರಾಕ್ಷಿ ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಚಪ್ಪರದ ತಂತಿಯ ತುಂಡೊಂದು ಪಾದಕ್ಕೆ ಹೊಕ್ಕಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಮೊದಲೇ ಮರಗಟ್ಟಿದ್ದರಿಂದ ಆಕೆಗೆ ನೋವು ಗೊತ್ತಾಗಲೇ ಇಲ್ಲ. ಹಾಸಿಗೆಯ ಮೇಲೆ ಕಲೆ ಕಂಡು ಸೊಸೆ ಕಾಲು ತಿರುಗಿಸಿ ನೋಡುವ ಹೊತ್ತಿಗೆ ಕಿರುಬೆರಳಿನ ಬುಡದಲ್ಲಿ ಹುಣ್ಣು ಆಳಕ್ಕೆ ಇಳಿದಿತ್ತು.

ಅದೇ ವಾರ ಆಕೆಯನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅದು ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅಲ್ಲಿ ಒಳ್ಳೆಯ ಕೆಲಸ ಮಾಡುವವರಿಗೂ ತೊಂದರೆ. ಅಲ್ಲಿನ ವಯಸ್ಸಾದ ಸರ್ಜನ್ ಒಬ್ಬರು ಹುಣ್ಣನ್ನು ಬಹಳ ಹೊತ್ತು ನೋಡಿ, ಕಾಲು ಉಳಿಸಬಹುದು ಎಂದರು. ಆದರೆ ಎರಡು ಶರತ್ತು: ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು, ಆ ಪಾದದ ಮೇಲೆ ಭಾರ ಬೀಳಬಾರದು. ಮಾವಶಿ ನಮ್ಮ ಮನೆಯಲ್ಲೇ ಉಳಿದಳು. ಮಿರಜಿನ ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಬೆಳಗಿನ ಹೊತ್ತು ಹೆಂಡತಿ ಅಂಗಡಿ ತೆರೆಯುವುದು, ನಾನು ಮಾವಶಿಯನ್ನು ರಿಕ್ಷಾದಲ್ಲಿ ಕರೆದೊಯ್ಯುವುದು ಎಂದಾಯಿತು.

ಆಗ ಡ್ರೆಸ್ಸಿಂಗ್ ಕೋಣೆ ದೊಡ್ಡ ಗೇಟಿನ ಪಕ್ಕದಲ್ಲೇ ಇತ್ತು. ರಿಕ್ಷಾ ಬಾಗಿಲ ತನಕ ಬರುತ್ತಿತ್ತು. ಗೋಡೆಯ ಸುಣ್ಣ ಉದುರಿತ್ತು, ಫ್ಯಾನು ಕಿರುಗುಡುತ್ತಿತ್ತು, ಆದರೆ ಒಳಗೆ ಇಬ್ಬರು ಸಿಸ್ಟರ್ ಕೈ ಬಿಡುವಿಲ್ಲದೆ ಪಟ್ಟಿ ಕಟ್ಟುತ್ತಿದ್ದರು. ಕೆಲವೇ ವಾರಗಳಲ್ಲಿ ಹುಣ್ಣಿನ ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ಅದು ಒಳ್ಳೆಯ ಲಕ್ಷಣ ಎಂದು ಸರ್ಜನ್ ಹೇಳಿದ ದಿನ ಮಾವಶಿ ಮನೆಗೆ ಬಂದು ಕುಂತಲ್ಲೇ ಹೋಳಿಗೆಗೆ ಕಣಕ ನಾದಿದಳು.

ಆಮೇಲೆ ಸುಧಾರಣೆ ಬಂತು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಡ್ರೆಸ್ಸಿಂಗ್ ಕೋಣೆಯೇ ಇಲ್ಲ. ಅದರ ಬಾಗಿಲಿಗೆ ಗಾಜು ಬಂದಿತ್ತು, ಮೇಲೆ 'ಸ್ವಾಗತ ಕಕ್ಷ' ಎಂಬ ಬೋರ್ಡು. ಒಳಗೆ ಸೋಫಾ, ಪ್ಲಾಸ್ಟಿಕ್ ಹೂವು, ಗೋಡೆಯ ಟೀವಿಯಲ್ಲಿ ಕೈ ತೊಳೆಯುವುದು ಹೇಗೆಂದು ತೋರಿಸುವ ಚಿತ್ರ. ಮೇಜಿನ ಹಿಂದಿದ್ದ ಹುಡುಗಿ ನಗುನಗುತ್ತ, ಡ್ರೆಸ್ಸಿಂಗ್ ಈಗ ಎರಡನೇ ಮಹಡಿಯಲ್ಲಿ ಎಂದಳು. ಲಿಫ್ಟ್ ಎಲ್ಲಿ ಎಂದು ಕೇಳಿದೆ. ತೋರಿಸಿದಳು. ಹೊಸ ಲಿಫ್ಟು, ಮೈತುಂಬ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ನಿಂತಿತ್ತು. ಇನ್ನೂ ಚಾಲು ಆಗಿಲ್ಲ ಎಂದಳು, ಅದೇ ನಗುವಿನಲ್ಲಿ.

ಕಾಲಿನ ಮೇಲೆ ಭಾರ ಹಾಕಬಾರದ ಹೆಂಗಸು ಎರಡು ಮಹಡಿ ಹತ್ತಿದಳು. ಒಂದು ಕೈ ಕಟಾಂಜನದ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ನಮ್ಮ ಮುಂದೆ ಕಬ್ಬಿನ ಗಾಡಿ ಹೊಡೆಯುವ ಒಬ್ಬ ಮನುಷ್ಯ ಹಿಮ್ಮಡಿಗೆ ಪಟ್ಟಿ ಸುತ್ತಿಕೊಂಡು, ಕುಂಡಿಯ ಮೇಲೆ ಕುಂತು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತ ಹತ್ತುತ್ತಿದ್ದ. ಹೊಸ ಬಿಳಿ ಟೈಲ್ಸಿನ ಮೇಲೆ ಅವನ ಪಟ್ಟಿಯಿಂದ ಸೋರಿದ ಕಲೆಗಳನ್ನು ಒರೆಸುತ್ತ ಬಂದ ಹೆಂಗಸು ಅವನನ್ನೇ ಬೈಯುತ್ತಿದ್ದಳು.

ಮ್ಯಾಲೆ ಹೋದರೆ ಸಿಸ್ಟರ್ ಒಬ್ಬರೇ. ಇನ್ನೊಬ್ಬರನ್ನು ಬೇರೆ ತಾಲೂಕಿಗೆ ಕಳಿಸಿದ್ದರಂತೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕುವ ಕೋಣೆಯೂ ಅದೇ ಮಹಡಿಯಲ್ಲಿತ್ತು. ಇದನ್ನು ಯೋಚಿಸಿದವರ ಮನೆಯಲ್ಲಿ ಯಾರಿಗೂ ಎಂದೂ ಕಾಲು ನೋವು ಬಂದಿರಲಿಕ್ಕಿಲ್ಲ.

ಮರುದಿನ ದವಾಖಾನೆಯ ಆಡಳಿತ ನೋಡುವ ಸಾಹೇಬರನ್ನು ಕಂಡೆ. ನನಗಿಂತ ಸಣ್ಣ ವಯಸ್ಸು, ಮರ್ಯಾದೆಯ ಮನುಷ್ಯ. ಚಹಾ ತರಿಸಿ, ಕಂಪ್ಯೂಟರಿನಲ್ಲಿ ದವಾಖಾನೆಯ ನಕ್ಷೆ ತೋರಿಸಿದರು. ನೀಲಿ ಬಣ್ಣದ್ದು ಒಂದು ವಿಭಾಗ, ಹಸಿರು ಬಣ್ಣದ್ದು ಇನ್ನೊಂದು. ಇಂಜೆಕ್ಷನ್, ಡ್ರೆಸ್ಸಿಂಗ್, ಪ್ಲಾಸ್ಟರ್ ಎಲ್ಲ ಒಂದೇ ಮಹಡಿಯಲ್ಲಿ ಇದ್ದರೆ ಪೇಶಂಟರಿಗೆ ಅಲೆದಾಟ ತಪ್ಪುತ್ತದೆ ಎಂದು ವಿವರಿಸಿದರು. ನಕ್ಷೆ ನಿಜಕ್ಕೂ ಚಂದ ಇತ್ತು. ನಾನು ಮರಾಠಿಯಲ್ಲೇ ಕೇಳಿದೆ, ಕಾಲು ಕೆಟ್ಟವರು ಅಲ್ಲಿಗೆ ಹತ್ತುವುದು ಹೇಗೆ ಎಂದು.

"ಲಿಫ್ಟ್ ಇದೆಯಲ್ಲ" ಎಂದರು.

"ಅದು ನಡೆಯುವುದಿಲ್ಲ."

"ನಡೆಯುತ್ತದೆ. ಲಿಫ್ಟ್ ತಪಾಸಣೆಯವರು ಬಂದು ಸರ್ಟಿಫಿಕೇಟ್ ಕೊಡಬೇಕು, ಅಷ್ಟೇ."

ಅಲ್ಲಿಯವರೆಗೆ ಕೋಣೆ ಕೆಳಗೇ ಇರಲಿ ಎಂದೆ. ಮಂಜೂರಾದ ನಕ್ಷೆಯಲ್ಲಿ ಕೋಣೆ ಬದಲಿಸುವ ಅಧಿಕಾರ ತಮಗಿಲ್ಲ, ಮುಂಬೈಯಿಂದ ಆಗಬೇಕು ಎಂದರು. ನನ್ನ ದನಿ ಏರಿತು. ಅವರ ದನಿ ಏರಲಿಲ್ಲ, ಅದೇ ನನಗೆ ಇನ್ನಷ್ಟು ತಲೆ ಕೆಡಿಸಿತು. ನಾನು ಏಳುವಾಗ ಅವರು ಮೆಲ್ಲಗೆ ಒಂದು ಮಾತು ಹೇಳಿದರು: "ನಾವು ಹೆಚ್ಚಿನ ಸಿಸ್ಟರ್ ಬೇಕೆಂದು ಕೇಳಿದ್ದೆವು. ಗೋಡೆಗೆ ಮಂಜೂರಾತಿ ಬರುತ್ತದೆ, ಮನುಷ್ಯರಿಗೆ ಬರುವುದಿಲ್ಲ." ಅವರ ಮೇಲೆ ಪೂರ್ತಿ ಸಿಟ್ಟು ಮಾಡುವ ಸುಖವೂ ನನಗೆ ಉಳಿಯಲಿಲ್ಲ.

ಮನೆಯಲ್ಲಿ ನನ್ನ ಮಗ ಕನ್ನಡ ಕೇಳಿಸಿಕೊಳ್ಳುತ್ತಾನೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವನೇ ಮೊಬೈಲಿನಲ್ಲಿ ಸರಕಾರದ ದೂರು ವಿಭಾಗ ಹುಡುಕಿ ನಮ್ಮ ದೂರು ಹಾಕಿದ. ನಾಲ್ಕೈದು ದಿನಕ್ಕೆ ಉತ್ತರ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಆಗಿಲ್ಲ ಎಂದು ಮತ್ತೆ ಬರೆದೆವು. ಅದೂ ಪರಿಹಾರವಾಯಿತು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆಯೊಂದಿಗೆ. ಫೋನನ್ನು ಎತ್ತಿ ಎಸೆಯಬೇಕೆನಿಸಿತು. ಪಕ್ಕದ ಅಂಗಡಿಯವನಂತೂ ದಿನಾ ಕೇಳುತ್ತಿದ್ದ, ಮಿರಜಿನಲ್ಲಿ ಇಷ್ಟು ಖಾಸಗಿ ದವಾಖಾನೆ ಇರುವಾಗ ಅಲ್ಲೇ ಯಾಕೆ ತಲೆ ಬಡಿದುಕೊಳ್ಳುತ್ತೀರಿ ಎಂದು. ಕಾಲು ತೆಗೆಯುತ್ತೇನೆ ಎಂದವರು ಒಬ್ಬರು, ಉಳಿಸುತ್ತೇನೆ ಎಂದವರು ಇನ್ನೊಬ್ಬರು. ಉಳಿಸುವವರು ಈ ಕಟ್ಟಡದಲ್ಲೇ ಇದ್ದರೆ ನಾನು ಬೇರೆಲ್ಲಿಗೆ ಹೋಗಲಿ?

ಆದರೆ ಹತ್ತಿ ಇಳಿದು ಹತ್ತಿ ಇಳಿದು ಹುಣ್ಣು ಮತ್ತೆ ಬಾಯಿ ತೆರೆಯಿತು. ಕಿರುಬೆರಳು ಕಪ್ಪಾಯಿತು. ಸರ್ಜನ್ ನೋಡಿದವರೇ, ಭಾರ ಹಾಕಬೇಡಿ ಎಂದಿದ್ದೆನಲ್ಲ ಎಂದು ರೇಗಿದರು. ನಿಮ್ಮ ಡ್ರೆಸ್ಸಿಂಗ್ ಕೋಣೆ ಎಲ್ಲಿದೆ ಗೊತ್ತೇನು ಎಂದು ನಾನೂ ರೇಗಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋಣೆ ಬದಲಿಸುವಾಗ ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದು ಹೇಳಿದರು. ಆ ವಾರವೇ ಬೆರಳು ತೆಗೆದರು.

ವಾರ್ಡಿನಿಂದ ಮನೆಗೆ ಬಂದ ನಂತರದ ಮೊದಲ ಡ್ರೆಸ್ಸಿಂಗ್ ದಿನ. ರಿಕ್ಷಾ ಇಳಿದ ಮಾವಶಿ ಜಿನೆಯ ಮೆಟ್ಟಿಲ ಕಡೆ ತಿರುಗದೆ, ನನ್ನ ಹೆಗಲು ಹಿಡಿದು ಕುಂಟುತ್ತ ಸೀದಾ ಸ್ವಾಗತ ಕಕ್ಷದ ಗಾಜಿನ ಬಾಗಿಲು ತಳ್ಳಿ, ಸೋಫಾದ ಮೇಲೆ ಕುಂತು ಕಾಲನ್ನು ಮುಂದಿನ ಗಾಜಿನ ಮೇಜಿನ ಮೇಲೆ ಚಾಚಿದಳು. ಹುಡುಗಿ ಗಾಬರಿಯಾಗಿ ಎದ್ದಳು. ನಾನು, "ಮಾವಶಿ, ಏಳ್ರಿ, ನಿಧಾನ ಹತ್ತೂಣು" ಎಂದೆ.

"ನಾ ಏಳೂದಿಲ್ಲಪಾ" ಎಂದಳು. "ಕಾಲಿನ ಒಂದು ಬಟ್ಟು ಆ ಪಾಂವಟಿಗಿಗೆ ಕೊಟ್ಟೇನಿ, ಸಾಕು. ಸಿಸ್ಟರಿಗೆ ಎರಡೂ ಕಾಲು ನೆಟ್ಟಗ ಅದಾವು, ಅವರ ಇಳದು ಬರಲಿ."

ಮೆಟ್ಟಿಲ ಬಳಿ ನಿಂತಿದ್ದ ಇತರರಿಗೆ ಕನ್ನಡ ಬಾರದಿದ್ದರೂ ಚಾಚಿದ ಕಾಲು ಅರ್ಥವಾಯಿತು. ಸಮಡೋಳಿಯಿಂದ ಬಂದ ಗಂಡ ಹೆಂಡಿರು ಒಳಗೆ ಬಂದು ಪಕ್ಕದಲ್ಲಿ ಕುಂತರು. ಆ ಗಾಡಿಯವನೂ ತೆವಳಿ ಬಂದು ಗೋಡೆಗೆ ಒರಗಿದ. ಹುಡುಗಿ ಕಾವಲುಗಾರನನ್ನು ಕರೆದಳು. ಅವನು ಬಂದ, ಎಲ್ಲರ ಕಾಲುಗಳನ್ನು ನೋಡಿದ, ಟೀವಿ ನೋಡುತ್ತ ನಿಂತ.

ಬಹಳ ಹೊತ್ತಿನ ಮೇಲೆ ಸಿಸ್ಟರ್ ಇಳಿದು ಬಂದರು. ಸಿಟ್ಟಿನಲ್ಲೇ ಬಂದರು. ಒಬ್ಬಳೇ ಎಷ್ಟು ಕಡೆ ಓಡಲಿ, ನನಗೂ ಮೊಣಕಾಲು ನೋವಿದೆ ಎಂದು ನಮ್ಮೆಲ್ಲರನ್ನೂ ತರಾಟೆಗೆ ತೆಗೆದುಕೊಂಡರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾವಶಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು, ಏಳಲಿಲ್ಲ ಮಾತ್ರ. ಸಿಸ್ಟರ್ ಮತ್ತೆ ಮ್ಯಾಲೆ ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆ. ಅವರು ಟ್ರೇ ಹಿಡಿದು ಬಂದರು. ನಾನೂ ಕಾವಲುಗಾರನೂ ಆಚೀಚೆ ಚಾದರ ಹಿಡಿದು ಮರೆ ಮಾಡಿದೆವು.

ಅಂದಿನಿಂದ ಡ್ರೆಸ್ಸಿಂಗ್ ಅಲ್ಲಿಯೇ ನಡೆಯತೊಡಗಿತು. ಸಾಹೇಬರು ಬಂದು ನೋಡಿ, ನೋಡದವರಂತೆ ಹೋದರು. ಈ ಸುಧಾರಣೆ ನೋಡಲು ಮುಂಬೈಯಿಂದ ತಪಾಸಣೆಯ ತಂಡ ಬರುವ ದಿನ ಮಾತ್ರ ಕೆಳಗೆ ಯಾರೂ ಕಾಣಬಾರದು, ಬಂದರೆ ಮ್ಯಾಲೆ ಹೋಗಬೇಕು ಎಂದು ಸಿಸ್ಟರ್ ಮೊದಲೇ ಬೇಡಿಕೊಂಡರು. ಮಾವಶಿ ಹ್ಞೂಂ ಎಂದಳು. ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸೋಫಾದಲ್ಲಿ ಕುಂತಳು.

ತಂಡದ ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು. ಸ್ವಾಗತ ಕಕ್ಷ ಹೇಗಿದೆ ಆಜಿ ಎಂದು ಮಾವಶಿಯನ್ನೇ ಕೇಳಿದರು. ಪೇಟೆಯಲ್ಲಿ ಚೌಕಾಸಿ ಮಾಡುವಾಗ ಮಾತ್ರ ಹೊರಗೆ ಬರುವ ತನ್ನ ಚೊಕ್ಕ ಮರಾಠಿಯಲ್ಲಿ ಮಾವಶಿ, ಬಹಳ ಚಲೋ ಇದೆ ತಾಯಿ, ಮೆತ್ತನೆ ಕುಂತು ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತೇವೆ ಎಂದಳು. ಸಾಹೇಬರ ಮುಖ ಇಳಿಯಿತು. ಆ ಹೆಂಗಸು ಜಿನೆ ಹತ್ತಲು ಹೊರಟರು. ಮೊದಲ ತಿರುವಿನಲ್ಲೇ, ಸಿಸ್ಟರ್ ಮಾತು ಪಾಲಿಸುತ್ತಿದ್ದ ಗಾಡಿಯವನು ಕುಂಡಿಯ ಮೇಲೆ ಕುಂತು ಹತ್ತುತ್ತಿದ್ದ. ಅವನು ದಾರಿ ಬಿಡಲು ಗೋಡೆಯ ಕಡೆ ಸರಿದ. ಅವರು ಅಲ್ಲೇ ನಿಂತರು, ನಂತರ ಕೆಳಗೆ ಇಳಿದರು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ತಂಡ ಶಿಫಾರಸು ಮಾಡಿದ್ದು ಲಿಫ್ಟನ್ನು ಬೇಗ ಚಾಲು ಮಾಡಬೇಕು ಎಂದು. ಅದು ರಿಬ್ಬನ್ ಕತ್ತರಿಸಿಕೊಂಡು ಚಾಲು ಆಯಿತು. ಕರೆಂಟು ಇದ್ದಾಗ ನಡೆಯುತ್ತದೆ. ಕೋಣೆ ನಕ್ಷೆಯಲ್ಲಿ ಇನ್ನೂ ಮ್ಯಾಲೆಯೇ ಇದೆ, ಪಟ್ಟಿ ಕಟ್ಟುವುದು ಇನ್ನೂ ಕೆಳಗೆಯೇ. ಸಾಹೇಬರಿಗೆ ಬೇರೆ ಊರಿಗೆ ಬದಲಿಯಾಯಿತು. ಹೊಸಬರು ಪೇಶಂಟರ ಕಡೆಯವರ ಒಂದು ಸಮಿತಿ ಮಾಡಿ ನನ್ನನ್ನೂ ಸೇರಿಸಿದರು.

ಮಾವಶಿಯ ಹುಣ್ಣು ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ಮಾಯಿತು. ಉಳಿದ ನಾಲ್ಕು ಬೆರಳಿಗೆ ಹೊಂದುವ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಖಂಡೇರಾಜುರಿಯ ತೋಟದಲ್ಲಿ ಓಡಾಡುತ್ತಾಳೆ, ಬರಿಗಾಲಲ್ಲಿ ಕಂಡವರನ್ನೆಲ್ಲ ಬೈಯುತ್ತಾಳೆ. ಕಾಲು ಉಳಿಸಿದ್ದು ಆ ದವಾಖಾನೆಯೇ, ಬೆರಳು ಕಳೆದದ್ದೂ ಅದೇ. ಅದಕ್ಕೇ ಅದರ ಮೇಲಿನ ನನ್ನ ಸಿಟ್ಟು ತಣ್ಣಗಾಗುವುದಿಲ್ಲ. ಸಮಿತಿಯ ಮೊದಲ ಸಭೆಯಲ್ಲಿ ಅರ್ಧ ಹೊತ್ತು ಹೊರಗೋಡೆಗೆ ಯಾವ ಬಣ್ಣ ಎಂಬ ಚರ್ಚೆ ನಡೆಯಿತು. ಎರಡನೇ ಸಿಸ್ಟರ್ ಯಾವಾಗ ಬರುತ್ತಾರೆ ಎಂದು ಕೇಳಿದೆ. ಅದು ಈ ಸಭೆಯ ವಿಷಯವಲ್ಲ ಎಂದರು. ಹಾಗಾದರೆ ಯಾವ ಸಭೆಯ ವಿಷಯ ಎಂದು ಕೇಳಿದಾಗ, ಹೊಸ ಸಾಹೇಬರು ಚಹಾ ತರಲು ಹೇಳಿದರು.