ಮೂರನೆಯ ಕರೆ

ನಾನು ಪಂಕ್ ಹಾಡುಗಾರ ಆಗುತ್ತೇನೆ ಎಂದು ಹೇಳಿದ ದಿನ ಅಪ್ಪ ಹೋಟೆಲಿನ ಗಲ್ಲಾದಿಂದ ತಲೆ ಎತ್ತಲೂ ಇಲ್ಲ. "ಪಂಕವಾ? ಮೇಲೆ ತಿರುಗುವಂಥದ್ದಾ? ಎರಡು ತಾ, ಊಟದ ಹಾಲಿಗೆ ಬೇಕಿತ್ತು" ಎಂದರು. ನಮ್ಮ ಕಡೆ ಪಂಕ ಎಂದರೆ ಫ್ಯಾನು. ಕಾಲೇಜಿನ ಕನ್ನಡ ಮೇಷ್ಟ್ರಿಗೆ ಹೇಳಿದರೆ ಅವರಿಗದು ಕೆಸರು. ಎಂಬತ್ತರ ದಶಕದ ಆರಂಭದಲ್ಲಿ, ಅತ್ತಾವರದಲ್ಲಿ, ಈ ಫ್ಯಾನು ಮತ್ತು ಕೆಸರಿನ ನಡುವೆ ನನ್ನ ಸಂಗೀತ ಶುರುವಾಯಿತು.

ಹಡಗಿನಲ್ಲಿ ಕೆಲಸಕ್ಕಿದ್ದ ನೆರೆಮನೆಯವರು ತಂದ ಇಂಗ್ಲಿಷ್ ಪಂಕ್ ಸಂಗೀತದ ಒಂದು ಕ್ಯಾಸೆಟ್ಟು ಇದಕ್ಕೆಲ್ಲ ಕಾರಣ. ಅದರಲ್ಲಿ ಇದ್ದದ್ದು ಗಿಟಾರಿನ ಮೂರೇ ಸ್ವರಗುಚ್ಛ, ಉಳಿದದ್ದೆಲ್ಲ ಸಿಟ್ಟು. ಸಿಟ್ಟು ನನ್ನಲ್ಲಿ ಬೇಕಾದಷ್ಟಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ. ಗಿಟಾರ್ ಮನೆಯಲ್ಲೇ, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದು ಅಣ್ಣನದ್ದು, ಅಂದರೆ ದೊಡ್ಡಮ್ಮನ ಮಗನದ್ದು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ನಮ್ಮ ಜೊತೆಯೇ ಇದ್ದರು. ಅವರಿಗಿದ್ದದ್ದು ಒಬ್ಬನೇ ಮಗ. ಎಪ್ಪತ್ತರ ದಶಕದ ನಡುವಿನಲ್ಲಿ ಅವನು ಬಂದರಿನಿಂದ ದ್ವೀಪಗಳಿಗೆ ಅಕ್ಕಿ, ಹಂಚು ಸಾಗಿಸುವ ಮಂಜಿ ಎಂಬ ಹಾಯಿಹಡಗು ಹತ್ತಿ ಹೋದ. ಮಂಜಿ ದ್ವೀಪ ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ. ಒಂದು ಹಲಗೆಯೂ ಸಿಕ್ಕಲಿಲ್ಲ. ಅಂದಿನಿಂದ ಸಂಜೆ ದೀಪ ಇಟ್ಟ ಮೇಲೂ ಮುಂಬಾಗಿಲು ಹಾಕಲು ದೊಡ್ಡಮ್ಮ ಬಿಡುತ್ತಿರಲಿಲ್ಲ. ಸೊಳ್ಳೆ ಬರ್ತದೆ ಎಂದು ಅಮ್ಮ ಗೊಣಗಿದರೆ, "ಬರ್ಲಿ, ಅವಾದ್ರೂ ಬರ್ತವಲ್ಲ" ಎನ್ನುತ್ತಿದ್ದರು.

ಬಾಗಿಲು ತೆರೆದಿದ್ದರೂ ಹೊರಗಿನಿಂದ ಯಾರಾದರೂ ಕರೆದರೆ ದೊಡ್ಡಮ್ಮ ತಟ್ಟನೆ ಓಗೊಡುವವರಲ್ಲ. ಅವರ ಲೆಕ್ಕದಲ್ಲಿ, ಕಾಣದವು ಎರಡು ಸಲ ಮಾತ್ರ ಕರೆಯುತ್ತವೆ, ನಮ್ಮವರ ಸ್ವರದಲ್ಲೇ ಕರೆಯುತ್ತವೆ. ಮೂರನೆಯ ಸಲ ಕರೆಯಲು ಅವಕ್ಕೆ ಆಗುವುದಿಲ್ಲ. ಮೂರನೆಯ ಕರೆ ಮನುಷ್ಯರದ್ದು. ಪೋಸ್ಟಿನವನಿಗೂ ಇದು ಗೊತ್ತಾಗಿ, ಗೇಟಿನಲ್ಲಿ ಒಂದೇ ಉಸಿರಿಗೆ "ಅಮ್ಮಾ ಅಮ್ಮಾ ಅಮ್ಮಾ" ಎಂದು ಮುಗಿಸಿಬಿಡುತ್ತಿದ್ದ. ಆಗ ಒಳಗಿನಿಂದ ದೊಡ್ಡಮ್ಮ "ಓ" ಎನ್ನುತ್ತಿದ್ದರು.

ನನ್ನ ಹಾಡಿಗೆ ತಕರಾರು ಬಂದದ್ದು ಈ "ಓ"ಯಿಂದಲೇ. ನಾನೇ ಕಟ್ಟಿದ ಆ ಹಾಡಿನ ಕೊನೆಯಲ್ಲಿ ಗಿಟಾರ್, ಡ್ರಮ್ ಎಲ್ಲ ಒಟ್ಟಿಗೆ ನಿಲ್ಲಬೇಕು. ಒಂದು ಉಸಿರಿನಷ್ಟು ಮೌನ. ಆಮೇಲೆ ನಾನು ಗಂಟಲು ಹರಿಯುವಂತೆ "ಓ" ಎಂದು ಕೂಗಬೇಕು. ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ದೊಡ್ಡಮ್ಮ ಅಡುಗೆಮನೆಯಿಂದ ಬಂದರು.

"ಯಾರು ಕರೆದದ್ದು ನಿನ್ನನ್ನು?"

"ಯಾರೂ ಇಲ್ಲ ದೊಡ್ಡಮ್ಮ, ಹಾಡದು."

"ಯಾರೂ ಕರೆಯದೆ ಓ ಅಂತ ಹೇಳ್ತಾರಾ? ಕೇಳಿಸಿಕೊಂಡು ಯಾರಾದ್ರೂ ಕರೆಯಲಿಕ್ಕೆ ಶುರು ಮಾಡಿದ್ರೆ ಎಂತ ಮಾಡ್ತಿ?"

ನನಗೆ ನಗು ಬಂತು. ಇಂಥ ಒಳ್ಳೆಯ ಸಾಲು ನನ್ನ ಯಾವ ಹಾಡಿನಲ್ಲೂ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಅಣ್ಣನ ಗಿಟಾರಿಗೆ ರೇಡಿಯೋ ರಿಪೇರಿಯವರೊಬ್ಬರು ತಂತಿಯ ಸದ್ದು ಹಿಡಿಯುವ ಪಿಕಪ್ ಕೂರಿಸಿ, ಹಳೇ ರೇಡಿಯೋಗಳ ಭಾಗಗಳಿಂದಲೇ ಒಂದು ಆಂಪ್ಲಿಫೈಯರ್ ಮಾಡಿಕೊಟ್ಟರು. ಹೋಟೆಲಿನ ಹಿಂದೆ ತೆಂಗಿನಕಾಯಿ ರಾಶಿ ಹಾಕುವ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ, ನಾನೂ ಡ್ರಮ್ ಬಾರಿಸುವ ಗೆಳೆಯನೂ ಆ ಹಾಡು ಬಾರಿಸಿದೆವು. ಕೊನೆಯ ಮೌನ ಬಂತು. ನಾನು ಬಾಯಿ ತೆರೆಯುವ ಮೊದಲೇ ಆಂಪ್ಲಿಫೈಯರ್ "ಅಮ್ಮಾ" ಎಂದಿತು. ಗಂಡು ಸ್ವರ. ದೂರದ್ದು, ಬಾಯಿಗೆ ಗಾಳಿ ಹೊಡೆಯುತ್ತಿರುವವನದ್ದು.

"ರೇಡಿಯೋ ನಾಟಕ ಹಿಡಿದದ್ದು ಮಾರಾಯ" ಎಂದ ಗೆಳೆಯ. "ನಿನ್ನ ಹಾಡು ಕೇಳಿ ಪಾಪ, ಅಮ್ಮನನ್ನು ಕರೀತಿದ್ದಾನೆ." ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಆ ಹಾಡನ್ನು ಅಂದು ಮತ್ತೆ ಬಾರಿಸೋಣ ಎಂದು ಇಬ್ಬರೂ ಹೇಳಲಿಲ್ಲ.

ಎರಡನೆಯ ಸಲ ಕಾಲೇಜು ಡೇಯಲ್ಲಿ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಕಿವಿ ಮುಚ್ಚಿಕೊಂಡಿದ್ದರು, ಹಿಂದಿನವರು ಬೆಂಚು ಬಡಿಯುತ್ತಿದ್ದರು. ಮೌನದಲ್ಲಿ ಮತ್ತೆ ಅದೇ "ಅಮ್ಮಾ". ಈ ಸಲ ಹತ್ತಿರದಿಂದ. ಮೈಕಿನವನು ವಯರು ಎಳೆದು ನೋಡಿ, "ಎಂತ ಇಲ್ಲ, ಸರಿ ಉಂಟು" ಎಂದ. ಮನೆಯಲ್ಲಿ ಹೇಳಲಿಲ್ಲ. ಏನೆಂದು ಹೇಳುವುದು?

ಆಮೇಲೆ ಸಂಬಂಧಿಕರ ಮದುವೆಯ ರಿಸೆಪ್ಶನ್ ಬಂತು, ಕೂಳೂರು ಸೇತುವೆಯ ಹತ್ತಿರದ ಹಾಲಿನಲ್ಲಿ. ನಮ್ಮನ್ನು ಹಾಡಲು ಕರೆದದ್ದು ಮದುಮಗನ ಕಡೆಯವರ ಅಜ್ಞಾನದಿಂದ. ದೊಡ್ಡಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಮೊದಲ ಸಾಲಿನಲ್ಲೇ ಕೂತರು. ಮಗನ ಗಿಟಾರ್ ಅಲ್ಲವಾ, ನೋಡಬೇಕು ಎಂದರು. ಆ ಹಾಡು ಬೇಡ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಕಾಲೇಜಿನ ಹುಡುಗರು ಅದನ್ನೇ ಕೇಳಿ ಕೂಗಿದರು, ನನಗೂ ಹುರುಪು ಬಂತು.

ಗಿಟಾರ್ ನಿಂತಿತು, ಡ್ರಮ್ ನಿಂತಿತು. ಐಸ್‌ಕ್ರೀಮಿನ ಚಮಚಗಳ ಸದ್ದೂ ನಿಂತ ಹಾಗೆ ನನಗೆ ನೆನಪು.

"ಅಮ್ಮಾ."

ಈ ಸಲ ಸ್ವರ ಹಾಲಿನ ಒಳಗೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೊದಲ ಸಾಲಿನಿಂದ ದೊಡ್ಡಮ್ಮ "ಓ" ಎಂದರು. ಎದ್ದು ನಿಂತು, ಪೂರ್ತಿ ಸ್ವರದಲ್ಲಿ. ಪ್ರೋಗ್ರಾಮಿನಲ್ಲೇ ಇರುವುದೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಒಂದು ಕಿವಿಯ ಹತ್ತಿ ಅವರ ಸೆರಗಿನ ಮೇಲೆ ಬಿದ್ದಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿನ ಆಂಪ್ಲಿಫೈಯರಿನ ಮೇಲಿತ್ತು. ನಾನು ತುಂಬ ಹೆದರಿದೆ.

ಅಲ್ಲಿಂದ ಮುಂದೆ ಆಂಪ್ಲಿಫೈಯರ್ ಏನನ್ನೂ ಹೇಳಲಿಲ್ಲ. ಆ ಹಾಡಿಗೆ ಕೊನೆಯೂ ಉಳಿಯಲಿಲ್ಲ. ಮೌನದ ಜಾಗ ಬಂದಾಗ ನಾನು ಗಿಟಾರ್ ಕೆಳಗಿಟ್ಟುಬಿಡುತ್ತಿದ್ದೆ. ಇನ್ನೂ ಎರಡು ಮೂರು ವರ್ಷ ಅಲ್ಲಿ ಇಲ್ಲಿ ಬಾರಿಸಿದೆ. ಕೇಳುವವರಿಗೆ ಬೇಕಿದ್ದದ್ದು ಕುಣಿಯುವ ಹಾಡು. ಗೆಳೆಯ ಗಲ್ಫಿಗೆ ಹೋದ, ನಾನು ಅಪ್ಪನ ಗಲ್ಲಾದಲ್ಲಿ ಕೂತೆ. ಗಿಟಾರ್ ಮತ್ತೆ ಮೊಳೆಗೆ ಏರಿತು.

ಮನೆಯಲ್ಲಿ ಬದಲಾದದ್ದು ಮುಂಬಾಗಿಲು. ಮದುವೆಯ ಮರುದಿನದಿಂದ ದೊಡ್ಡಮ್ಮ ಹೊತ್ತು ಇಳಿಯುವ ಮೊದಲೇ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಅದಕ್ಕೆ ಒಂದು ಕುರ್ಚಿಯನ್ನೂ ಒತ್ತಿ ಇಡುತ್ತಿದ್ದರು. ಆಸೆ ಬಿಟ್ಟರು, ಒಳ್ಳೆಯದಾಯಿತು ಎಂದು ನಾವೆಲ್ಲ ತಿಳಿದೆವು. ಅವರು ಮಾತ್ರ ಸೊರಗುತ್ತಾ ಹೋದರು. ಯಾರು ಎಷ್ಟು ಸಲ ಕರೆದರೂ ಓ ಎನ್ನುವುದನ್ನೇ ಬಿಟ್ಟರು.

ಕೆಲವು ವರ್ಷ ಕಳೆದು, ಅವರು ಮಂಚ ಹಿಡಿದು, ಬಾಗಿಲಿಗೆ ಕುರ್ಚಿ ಒತ್ತುವ ಕೆಲಸ ನನಗೆ ಬಂದ ಮೇಲೆ, ಒಂದು ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಅವತ್ತು ನಾನು ಮೊದಲನೇ ಕರೆಗೇ ಓ ಅಂದೆ" ಎಂದರು. "ತಡೆಯಲಿಕ್ಕೆ ಆಗ್ಲಿಲ್ಲ. ಅವನದ್ದೇ ಸ್ವರ. ಆದ್ರೆ ಅವನಲ್ಲ ಅದು, ಅವನ ಸ್ವರ ಹಾಕಿಕೊಂಡು ಬಂದದ್ದು. ನಾನು ಓ ಅಂದೆನಲ್ಲ, ಈಗ ಅದಕ್ಕೆ ಮನೆ ಗೊತ್ತುಂಟು. ಬರ್ತದೆ."

ಅಷ್ಟೂ ವರ್ಷ ಅವರು ಹೀಗೆ ಹೆದರಿಕೊಂಡು ಬದುಕಿದ್ದರು ಎಂದು ಆಗ ತಿಳಿಯಿತು. ನಾನು ಕೈ ಹಿಡಿದುಕೊಂಡು ಹೇಳಿದೆ: "ಅದು ಮೊದಲನೆಯದಲ್ಲ ದೊಡ್ಡಮ್ಮ. ಅದಕ್ಕಿಂತ ಮುಂಚೆ ಎರಡು ಸಲ ಕರೆದಿತ್ತು. ಒಮ್ಮೆ ತೆಂಗಿನಕಾಯಿ ಕೋಣೆಯಲ್ಲಿ, ಒಮ್ಮೆ ಕಾಲೇಜಿನಲ್ಲಿ. ನಾನು ಕೇಳಿದ್ದೇನೆ. ನೀವು ಓ ಅಂದದ್ದು ಮೂರನೆಯದಕ್ಕೆ."

ಅವರು ನನ್ನ ಕಡೆ ತಿರುಗಿದರು.

"ಅದೇ ಸ್ವರವಾ?"

"ಅದೇ."

ಬಿಗಿ ಹಿಡಿದಿದ್ದ ಅವರ ಭುಜ ಸಡಿಲವಾಯಿತು. ನೆಮ್ಮದಿಯಾಯಿತು ಅವರಿಗೆ ಎಂದುಕೊಂಡೆ. ಆಗ ಅವರು ತಲೆಗೂದಲು ಸರಿ ಮಾಡಿಕೊಂಡು ಎದ್ದು ಕೂರಲು ನೋಡಿದರು.

"ಹಾಗಾದ್ರೆ ಕುರ್ಚಿ ತೆಗಿ" ಎಂದರು. "ಚಿಲಕವೂ ತೆಗಿ. ಪಾಪ, ಎಷ್ಟು ವರ್ಷದಿಂದ ಹೊರಗೆ ನಿಂತಿದ್ದಾನೋ."

ಹೋಗಿ ಕುರ್ಚಿ ಸರಿಸಿದೆ, ಚಿಲಕ ತೆಗೆದೆ, ಬಾಗಿಲು ಎಳೆದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಒಂದು ಬದಿಗೆ ಸರಿದು, ಒಳಗೆ ಬರಲು ಜಾಗ ಬಿಟ್ಟು ನಿಂತೆ.