ಭಾನುವಾರ ಐದು ಗಂಟೆಯ ನೆರಳು

ಆರ್.ಟಿ. ನಗರದ ನಮ್ಮ ಎದುರುಮನೆಯವರಿಗೆ ವಾರವೆಲ್ಲ ಫ್ಯಾಕ್ಟರಿ, ಭಾನುವಾರ ಕ್ಯಾಮೆರಾ. ನಾನು ಅವರಿಂದಲೇ ಫೋಟೊ ತೆಗೆಯುವುದನ್ನು ಕಲಿತೆ. ಬಿಸಿಲಿಗೆ ಅಂಗೈ ಒಡ್ಡಿ ನೋಡದೆ ಅವರು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. “ಮೊದ್ಲು ನೆರಳು ನೋಡ್ರೀ, ಮುಖ ಆಮೇಲೆ” ಎನ್ನುತ್ತಿದ್ದರು.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಅಕ್ಕನ ಜಾತಕದ ಜೊತೆ ಕಳಿಸಲು ಫೋಟೊ ಬೇಕಾಯಿತು. ಅಮ್ಮ ಪಂಚಾಂಗ ನೋಡಿ, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಭಿಜಿನ್ ಮುಹೂರ್ತ ಎಂದರು.

“ನೆತ್ತಿ ಮೇಲಿನ ಬಿಸಿಲಿಗೆ ಕಣ್ಣು ಗುಳಿಬಿದ್ದಂಗೆ ಕಾಣತ್ತಮ್ಮಾ. ಸಂಜೆ ಐದಕ್ಕೆ ತೆಗೀತೀನಿ.”

“ಭಾನುವಾರ ಐದಕ್ಕೆ ರಾಹುಕಾಲ ಕಣ್ರೀ!”

“ಆಯ್ತಮ್ಮಾ” ಎಂದರು ಅವರು. ಹನ್ನೆರಡಕ್ಕೆ ಸರಿಯಾಗಿ ಅಕ್ಕನನ್ನು ಅಂಗಳದಲ್ಲಿ ನಿಲ್ಲಿಸಿ ಮೂರು ಸಲ ಕ್ಲಿಕ್ ಅನ್ನಿಸಿದರು. ಅಮ್ಮ ಕೈಮುಗಿದು ಒಳಹೋದ ಮೇಲೆ, “ರೀಲೇ ಹಾಕಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಐದಕ್ಕೆ, ಅಮ್ಮ ಹರಿಕಥೆಗೆ ಹೋಗಿದ್ದಾಗ, ಅದೇ ಸೀರೆಯಲ್ಲಿ, ಅದೇ ಜಾಗದಲ್ಲಿ ನಿಜವಾದ ಫೋಟೊ ತೆಗೆದರು.

ಗಂಡಿನ ಕಡೆಯವರು ಒಪ್ಪಿದರು. ಅಮ್ಮ ಇರುವವರೆಗೂ ಬಂದವರಿಗೆಲ್ಲ ಆ ಫೋಟೊ ತೋರಿಸಿ, “ಅಭಿಜಿನ್ ಮುಹೂರ್ತದಲ್ಲಿ ತೆಗೆಸಿದ್ದು, ಅದಕ್ಕೇ ಮುಖದಲ್ಲಿ ಈ ಕಳೆ” ಎನ್ನುತ್ತಿದ್ದರು. ಆಗ ಎದುರುಮನೆಯವರೂ ಅಲ್ಲಿದ್ದರೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಬಂದವರೆಲ್ಲ ಅಕ್ಕನ ಮುಖವನ್ನೇ ನೋಡಿದರು. ನಡುಮಧ್ಯಾಹ್ನ ಅವಳ ನೆರಳು ಗೇಟಿನವರೆಗೆ ಹೇಗೆ ಚಾಚಿತು ಎಂದು ಒಬ್ಬರೂ ಕೇಳಲಿಲ್ಲ.